ಹಾರಿಸುವವನಿಗೆ ಪ್ರಮಾಣಪತ್ರ, ಅಳೆಯುವವನಿಗೆ ಯಾರ ಪ್ರಮಾಣ?

ನಮ್ಮ ದೇಶದಲ್ಲಿ ಡಿಕ್ಕಿ ಹೊಡೆದ ಮೋಟಾರಿನ ನಷ್ಟವನ್ನು ವಿಮಾ ಕಂಪನಿಗಾಗಿ ಅಂದಾಜು ಮಾಡುವ ಸರ್ವೇಯರನಿಗೆ ಪರವಾನಗಿ ಬೇಕು. ವಿಮಾ ಕಾಯಿದೆಯೇ ಹಾಗೆ ವಿಧಿಸಿದೆ. ಲೆಕ್ಕಪತ್ರ ಪರಿಶೋಧಿಸಿ ಸಹಿ ಹಾಕುವವನಿಗೆ 1949ರ ಕಾಯಿದೆಯಿದೆ, ವಕೀಲನಿಗೆ 1961ರ ಕಾಯಿದೆಯಿದೆ, ವಾಸ್ತುಶಿಲ್ಪಿಗೆ 1972ರ ಕಾಯಿದೆಯಿದೆ. ಆದರೆ ಆಕಾಶದಿಂದ ಒಂದು ಊರನ್ನೇ ಅಳೆದು, ಯಾರ ಗೋಡೆ ಎಲ್ಲಿಗೆ ಮುಗಿಯಿತು, ಯಾರ ಹಿತ್ತಿಲು ಎಲ್ಲಿಂದ ಆರಂಭವಾಯಿತು ಎಂದು ನಕಾಶೆಯಲ್ಲಿ ಗೆರೆ ಎಳೆಯುವವನಿಗೆ ಅಖಿಲ ಭಾರತ ಮಟ್ಟದಲ್ಲಿ ಅಂಥ ಯಾವ ಕಾಯಿದೆಯೂ ಇಲ್ಲ. ಅವನು ಯಾವ ಪರೀಕ್ಷೆ ಪಾಸಾದವನು, ಯಾವ ಪಟ್ಟಿಯಲ್ಲಿ ಅವನ ಹೆಸರಿದೆ, ತಪ್ಪಿದರೆ ಯಾರ ಮುಂದೆ ನಿಂತು ಉತ್ತರ ಹೇಳಬೇಕು ಎಂದು ಕೇಳಿದರೆ ಉತ್ತರವೇ ಇಲ್ಲ. ಮೋಟಾರಿನ ಬಂಪರಿಗೆ ಇರುವ ರಕ್ಷಣೆ ಮನೆಯ ಪಂಚಾಂಗಕ್ಕೆ ಇಲ್ಲ ಎಂದಾಯಿತು.

ಈ ವಿಷಯ ಒಂದು ಕನ್ನಡ ಸಂಘದ ಪತ್ರಿಕೆಯಲ್ಲಿ ಏಕೆ ಎಂದು ಕೆಲವರು ಹುಬ್ಬೇರಿಸಬಹುದು. ಹೊರನಾಡ ಕನ್ನಡಿಗನಷ್ಟು ಈ ವಿಷಯಕ್ಕೆ ನೇರವಾಗಿ ಸಂಬಂಧಪಟ್ಟವನು ಇನ್ನೊಬ್ಬನಿಲ್ಲ ಎಂಬುದೇ ನನ್ನ ಉತ್ತರ. ಮುಂಬಯಿಯ ಹೋಟೆಲುಗಳಲ್ಲಿ, ಪುಣೆಯ ಕಾರ್ಖಾನೆಗಳಲ್ಲಿ, ಹೈದರಾಬಾದಿನ ಅಂಗಡಿಗಳಲ್ಲಿ, ದಿಲ್ಲಿಯ ಕಚೇರಿಗಳಲ್ಲಿ ಆಯುಷ್ಯ ಸವೆಸುತ್ತಿರುವ ನಮ್ಮಲ್ಲಿ ಬಹುತೇಕರಿಗೆ ಊರಿನಲ್ಲಿ ಒಂದು ಬೀಗ ಹಾಕಿದ ಮನೆಯಿದೆ. ವರ್ಷಕ್ಕೊಮ್ಮೆ, ಜಾತ್ರೆಗೋ ಹಬ್ಬಕ್ಕೋ ಹೋಗಿ ಕಸ ಗುಡಿಸಿ ದೀಪ ಹಚ್ಚಿ ಬರುತ್ತೇವೆ. ಅಳೆಯುವವನು ಬಂದಾಗ ಅಂಗಳದಲ್ಲಿ ನಿಂತು "ಇದು ನಮ್ಮದು, ಅದು ಅವರದು" ಎಂದು ಬೆರಳು ತೋರಿಸಲು ನಾವು ಅಲ್ಲಿರುವುದಿಲ್ಲ. ಎದುರಿಗಿದ್ದವನ ಬಾಯಿಮಾತಾದರೂ ಅವನಿಗೆ ಬೆಂಬಲಕ್ಕಿರುತ್ತದೆ. ಇಲ್ಲದವನಿಗೆ ಅಳೆಯುವವನ ಯೋಗ್ಯತೆ ಮತ್ತು ನಿಯತ್ತುಗಳೇ ಗತಿ.

ಮೊದಲು ಸದ್ಯದ ಕಾನೂನಿನ ಸ್ಥಿತಿಯನ್ನು ನೋಡೋಣ. 2016ರ ಮೇ ತಿಂಗಳಲ್ಲಿ ಕೇಂದ್ರ ಗೃಹ ಸಚಿವಾಲಯವು ಭೂಸ್ಥಾನಿಕ ಮಾಹಿತಿಯ ನಿಯಂತ್ರಣಕ್ಕೆಂದು ಒಂದು ಕರಡು ಮಸೂದೆಯನ್ನು ಹೊರಡಿಸಿತು. ಅನುಮತಿಯಿಲ್ಲದೆ ಇಂಥ ಮಾಹಿತಿಯನ್ನು ಸಂಗ್ರಹಿಸಿದರೆ, ದೇಶದ ಗಡಿಯನ್ನು ತಪ್ಪಾಗಿ ತೋರಿಸಿದರೆ 100 ಕೋಟಿ ರೂಪಾಯಿಯವರೆಗೆ ದಂಡ, 7 ವರ್ಷದವರೆಗೆ ಸೆರೆ! ಕೈಯಲ್ಲಿ ಫೋನು ಹಿಡಿದ ಪ್ರತಿಯೊಬ್ಬನೂ ಅಪರಾಧಿಯಾಗುವಂತಿದ್ದ ಆ ಮಸೂದೆಗೆ ಸಹಜವಾಗಿಯೇ ವಿರೋಧ ಬಂತು. ಅದು ಕಾಯಿದೆಯಾಗಲಿಲ್ಲ. ಐದು ವರ್ಷ ಕಳೆಯುವುದರೊಳಗೆ ಅದೇ ಸರಕಾರ ಇನ್ನೊಂದು ದಡಕ್ಕೆ ಜಿಗಿಯಿತು. 2021ರ ಫೆಬ್ರವರಿ 15ರಂದು ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಹೊರಡಿಸಿದ ಮಾರ್ಗಸೂಚಿಯಂತೆ ಭಾರತೀಯ ವ್ಯಕ್ತಿ ಅಥವಾ ಸಂಸ್ಥೆ ನಕಾಶೆ ತಯಾರಿಸಲು ಪೂರ್ವಾನುಮತಿ ಬೇಡ, ಭದ್ರತಾ ಒಪ್ಪಿಗೆ ಬೇಡ, ಪರವಾನಗಿ ಬೇಡ. ತಾನು ನಿಯಮ ಪಾಲಿಸಿದ್ದೇನೆ ಎಂದು ತಾನೇ ಪ್ರಮಾಣೀಕರಿಸಿಕೊಂಡರೆ ಸಾಕು. ವಿದೇಶಿಯರಿಗೆ ಮಾತ್ರ ಸಮತಲದಲ್ಲಿ 1 ಮೀಟರು, ಎತ್ತರದಲ್ಲಿ 3 ಮೀಟರಿಗಿಂತ ಸೂಕ್ಷ್ಮವಾದ ಮಾಹಿತಿಯ ಮೇಲೆ ನಿರ್ಬಂಧ.

ಅದೇ ವರ್ಷದ ಆಗಸ್ಟ್ 25ರಂದು ಡ್ರೋನ್ ನಿಯಮಗಳು ಬಂದವು. 250 ಗ್ರಾಂವರೆಗಿನ ಯಂತ್ರ ನ್ಯಾನೊ, 2 ಕಿಲೊವರೆಗಿನದು ಮೈಕ್ರೊ, 25 ಕಿಲೊವರೆಗಿನದು ಸ್ಮಾಲ್ ಎಂದು ತೂಕದ ಮೇಲೆ ವರ್ಗೀಕರಣವಾಯಿತು. 18 ವರ್ಷ ತುಂಬಿ ಹತ್ತನೆಯ ತರಗತಿ ಪಾಸಾದವನು ಮಾನ್ಯತೆ ಪಡೆದ ತರಬೇತಿ ಶಾಲೆಯಲ್ಲಿ ಕಲಿತು ಪೈಲಟನಾಗಬಹುದು. 2022ರ ಫೆಬ್ರವರಿಯ ತಿದ್ದುಪಡಿಯಲ್ಲಿ "ಲೈಸೆನ್ಸ್" ಎಂಬ ಪದವನ್ನೂ ತೆಗೆದು "ಪ್ರಮಾಣಪತ್ರ" ಎಂದು ಮಾಡಲಾಯಿತು. ಈ ತರಬೇತಿಯ ತಿರುಳು ಹಾರಾಟದ ಸುರಕ್ಷತೆ: ಯಂತ್ರ ಯಾರ ತಲೆಯ ಮೇಲೂ ಬೀಳಬಾರದು, ವಿಮಾನ ನಿಲ್ದಾಣದ ಹತ್ತಿರ ಸುಳಿಯಬಾರದು. ಒಳ್ಳೆಯದೇ. ಆದರೆ ತಲೆಯ ಮೇಲೆ ಬೀಳುವ ಯಂತ್ರದಷ್ಟೇ ಅಪಾಯ ಕಾಗದದ ಮೇಲೆ ಬೀಳುವ ತಪ್ಪು ಗೆರೆಯಿಂದಲೂ ಉಂಟು. ಆ ಗೆರೆಯ ವಿಷಯದಲ್ಲಿ ಈ ಪ್ರಮಾಣಪತ್ರ ಮೌನವಾಗಿದೆ.

ಈ ಮೌನದ ನಡುವೆಯೇ ದೇಶದ ಅತಿ ದೊಡ್ಡ ಅಳತೆ ನಡೆದುಹೋಯಿತು. 2020ರ ಏಪ್ರಿಲ್ 24ರಂದು ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಗಳ ವಸತಿ ಪ್ರದೇಶವನ್ನು ಡ್ರೋನಿನಿಂದ ಅಳೆದು ಮನೆಯ ಒಡೆಯನಿಗೆ ಆಸ್ತಿ ಕಾರ್ಡು ಕೊಡುವ ಕೆಲಸ ಮೊದಲಾಯಿತು. ಪ್ರಾಯೋಗಿಕ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು, ಮಹಾರಾಷ್ಟ್ರವೂ ಒಂದು. 2025ರ ಜನವರಿ 18ರಂದು ಒಂದೇ ದಿನ 65 ಲಕ್ಷ ಕಾರ್ಡುಗಳ ವಿತರಣೆ ನಡೆಯಿತು. ಮರುತಿಂಗಳು 18ರಂದು ಇದೇ ಬಗೆಯ ಅಳತೆಯನ್ನು 26 ರಾಜ್ಯಗಳ ಮತ್ತು 3 ಕೇಂದ್ರಾಡಳಿತ ಪ್ರದೇಶಗಳ 152 ಪಟ್ಟಣಗಳಿಗೆ ವಿಸ್ತರಿಸುವ "ನಕ್ಷಾ" ಕಾರ್ಯಕ್ರಮಕ್ಕೆ ಚಾಲನೆ ಸಿಕ್ಕಿತು. ಈ ಯೋಜನೆಯ ಉದ್ದೇಶವನ್ನು ನಾನು ಹಳಿಯುವವನಲ್ಲ. ಗ್ರಾಮಠಾಣೆಯೊಳಗಿನ ಮನೆಗಳಿಗೆ ನೆಟ್ಟಗಿನ ದಾಖಲೆಯೇ ಇಲ್ಲದ ಊರುಗಳು ಅಸಂಖ್ಯ. ಕಾರ್ಡು ಕೈಗೆ ಬಂದರೆ ಬ್ಯಾಂಕು ಸಾಲ ಕೊಟ್ಟೀತು, ದಾಯಾದಿಗಳ ಜಗಳ ತಗ್ಗೀತು. ಆದ್ದರಿಂದಲೇ ಗೆರೆ ಎಳೆಯುವ ಕೈ ಯಾರದು ಎಂದು ಕೇಳಬೇಕಾಗಿದೆ.

ಮೂವತ್ತು ವರ್ಷ ಪುಣೆಯಲ್ಲಿದ್ದುಕೊಂಡು ರಸ್ತೆ ಕಾಲುವೆಗಳ ಸರ್ವೆ ಕೆಲಸದಲ್ಲಿ ಬಿಸಿಲು ಕುಡಿದವನಾದ್ದರಿಂದ ಯಂತ್ರದ ಬಗೆಗೆ ಎರಡು ಮಾತು ಹೇಳುವ ಅಧಿಕಾರ ನನಗಿದೆಯೆಂದು ಭಾವಿಸುತ್ತೇನೆ. ಡ್ರೋನ್ ಅಳೆಯುವುದಿಲ್ಲ, ಚಿತ್ರ ತೆಗೆಯುತ್ತದೆ. ಒಂದರ ಮೇಲೊಂದು ಮುಕ್ಕಾಲು ಪಾಲಿನಷ್ಟು ಹಾಸಿಕೊಳ್ಳುವಂತೆ ನೂರಾರು ಚಿತ್ರಗಳನ್ನು ತೆಗೆದು, ನೆಲದ ಮೇಲೆ ಮೊದಲೇ ಕರಾರುವಾಕ್ಕಾಗಿ ಗುರುತಿಸಿಟ್ಟ ಬಿಂದುಗಳಿಗೆ ಅವನ್ನು ಕಟ್ಟಿ, ಕಂಪ್ಯೂಟರಿನಲ್ಲಿ ಹೊಲಿದರೆ ನಕಾಶೆ. ನೆಲದ ಬಿಂದುಗಳು ಸರಿಯಿಲ್ಲದಿದ್ದರೂ ಚಿತ್ರ ಚೆಂದವಾಗಿಯೇ ಬರುತ್ತದೆ! ಮನೆ ಮನೆಯಂತೆ, ಮರ ಮರದಂತೆ ಕಾಣುತ್ತದೆ. ಇಡೀ ಊರು ಮಾತ್ರ ಎರಡು ಮೂರು ಮೀಟರು ಆಚೆಗೆ ಸರಿದಿರುತ್ತದೆ. ಚೆಂದದ ತಪ್ಪು ವಿಕಾರದ ತಪ್ಪಿಗಿಂತ ಅಪಾಯಕಾರಿ, ಏಕೆಂದರೆ ಅದನ್ನು ಯಾರೂ ಸಂಶಯಿಸುವುದಿಲ್ಲ.

ಇನ್ನೂ ಸೂಕ್ಷ್ಮದ ಸಂಗತಿಯಿದೆ. ನಮ್ಮ ಹಳೆಯ ನಕಾಶೆಗಳು ಎವರೆಸ್ಟ್ ಗೋಲಾಭವನ್ನು ಆಧರಿಸಿದವು. ಇಂದಿನ ಜಿ.ಪಿ.ಎಸ್. ಬಳಸುವುದು ಬೇರೊಂದನ್ನು. ಒಂದೇ ಅಕ್ಷಾಂಶ ರೇಖಾಂಶದ ಅಂಕಿ ಈ ಎರಡರಲ್ಲಿ ಸೂಚಿಸುವ ಜಾಗಗಳ ನಡುವೆ ಕರ್ನಾಟಕದ ನೆಲದಲ್ಲಿ ನೂರು ಮೀಟರಿಗೂ ಹೆಚ್ಚಿನ ಅಂತರವಿದೆ. ಕಲಿತವನು ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸುತ್ತಾನೆ. ಕಲಿಯದವನು ಒಂದರ ಮೇಲೊಂದು ಹಾಸಿ, ಹೊಂದದಿದ್ದರೆ ಕಣ್ಣಳತೆಯಲ್ಲಿ ಎಳೆದು ಕೂಡಿಸುತ್ತಾನೆ. ಎಳೆದದ್ದು ಯಾರ ಹೊಲವನ್ನು ಎಂಬುದು ಅವನಿಗೆ ತಿಳಿಯದು.

ಇನ್ನು ಮೇಲಿನಿಂದ ಕಾಣುವುದು ಏನು? ಮಲೆನಾಡಿನಲ್ಲಿ, ಕರಾವಳಿಯಲ್ಲಿ ಹಂಚಿನ ಮಾಡು ಗೋಡೆಯನ್ನು ದಾಟಿ ಮೂರು ನಾಲ್ಕು ಅಡಿ ಚಾಚಿರುತ್ತದೆ. ಮಳೆಯಿಂದ ಮಣ್ಣಿನ ಗೋಡೆಯನ್ನು ಕಾಯಲು ಹಿರಿಯರು ಕಂಡುಕೊಂಡ ಉಪಾಯ ಅದು. ಆಕಾಶದ ಕಣ್ಣಿಗೆ ಗೋಡೆ ಕಾಣುವುದಿಲ್ಲ, ಸೂರಿನ ಅಂಚು ಕಾಣುತ್ತದೆ. ಅಡಿಕೆಯ ತೋಟದಲ್ಲಿ ಬೇಲಿ ಕಾಣುವುದಿಲ್ಲ, ಸೋಗೆ ಕಾಣುತ್ತದೆ. ಆದ್ದರಿಂದಲೇ ಹಾರಾಟಕ್ಕೆ ಮೊದಲು ಹದ್ದಿನ ಗುಂಟ ಸುಣ್ಣ ಹಾಕಬೇಕು, ಹಾರಾಟವಾದ ಮೇಲೆ ನಕಾಶೆ ಹಿಡಿದು ಮನೆಮನೆಗೆ ನಡೆಯಬೇಕು ಎಂದು ಯೋಜನೆಯಲ್ಲಿಯೇ ಹೇಳಿದೆ. ಹಾರುವುದು ಅರ್ಧ ಗಂಟೆಯ ಕೆಲಸ, ನಡೆಯುವುದು ವಾರಗಳ ಕೆಲಸ. ಅವಸರದಲ್ಲಿ ಯಾವುದು ಕುಗ್ಗುತ್ತದೆ ಎಂಬುದನ್ನು ಊಹಿಸಲು ಪಾಂಡಿತ್ಯ ಬೇಕಿಲ್ಲ.

ಮಲೆನಾಡಿನ ಅಂಚಿನ ನಮ್ಮೂರಿನಲ್ಲಿ ಆದದ್ದೂ ಇದೇ. ನಮ್ಮ ಮನೆಗೂ ನೆರೆಮನೆಯ ಕೊಟ್ಟಿಗೆಗೂ ನಡುವೆ ನಾಲ್ಕಡಿಯ ಸಂದಿಯಿತ್ತು, ಎರಡೂ ಮಾಡುಗಳ ನೀರು ಅದರಲ್ಲಿ ಬಿದ್ದು ಹರಿಯುತ್ತಿತ್ತು. ನಾಲ್ಕು ತಲೆಮಾರು ಅದು ಎರಡೂ ಮನೆಗಳ ಕೂಡುದಾರಿ. ಹೊಸ ನಕಾಶೆಯಲ್ಲಿ ಸಂದಿಯೇ ಇಲ್ಲ. ಸೂರುಗಳು ಕೂಡಿದ ಕಡೆ ಒಂದು ಗೆರೆ ಎಳೆದು ಮುಗಿಸಿದ್ದಾರೆ. ನೆರೆಯವರು ಸಜ್ಜನರು, ಅವರು ಕೇಳಿ ಬರೆಸಿದ್ದಲ್ಲ. ಆದರೆ ಅವರ ಮಗ ನಾಳೆ ಮಾರಿದರೆ, ಕೊಂಡವನು ಕಾರ್ಡು ತೋರಿಸಿದರೆ? ಆಕ್ಷೇಪಣೆಯ ಅವಧಿ ಮುಗಿದ ಮೇಲೆ ಸುದ್ದಿ ನನಗೆ ಪುಣೆಯಲ್ಲಿ ತಲುಪಿತು. ಪಂಚಾಯಿತಿಯವರು ಕಚೇರಿಯತ್ತ ಕೈ ತೋರಿಸಿದರು, ಕಚೇರಿಯವರು ಹಾರಿಸಿದ ತಂಡದತ್ತ, ತಂಡದ ಗುತ್ತಿಗೆ ಮುಗಿದಿತ್ತು. ನಕಾಶೆಯ ಮೂಲೆಯಲ್ಲಿ ಲಾಂಛನಗಳಿದ್ದವು, ಅಳತೆಗೆ ತಾನು ಹೊಣೆ ಎನ್ನುವ ಒಬ್ಬ ಮನುಷ್ಯನ ಹೆಸರಿರಲಿಲ್ಲ. ನನ್ನ ದೂರು ಆ ತಂಡದ ಹುಡುಗರ ಮೇಲಲ್ಲ. ಅವರಿಗೆ ಸಂದಿ ಎಂದರೇನೆಂದು ಕಲಿಸಿದವರಿರಲಿಲ್ಲ, ಕಲಿಯಬೇಕೆಂಬ ಕಟ್ಟಳೆಯೂ ಇರಲಿಲ್ಲ.

ಇದನ್ನು ಒಂದು ಮನೆಯ ಗೋಳೆಂದು ತಳ್ಳಿಹಾಕುವವರು ಕೇರಳವನ್ನು ನೋಡಲಿ. ರಕ್ಷಿತಾರಣ್ಯಗಳ ಸುತ್ತ 1 ಕಿಲೊಮೀಟರು ಸೂಕ್ಷ್ಮ ವಲಯವಿರಬೇಕೆಂದು ಸುಪ್ರೀಂ ಕೋರ್ಟು 2022ರ ಜೂನ್ 3ರಂದು ಹೇಳಿತು. ಆ ವಲಯದಲ್ಲಿರುವ ಕಟ್ಟಡಗಳ ಲೆಕ್ಕಕ್ಕೆ ಅಲ್ಲಿನ ಸರಕಾರ ಉಪಗ್ರಹದ ಚಿತ್ರಗಳನ್ನು ನೆಚ್ಚಿತು. ಡಿಸೆಂಬರಿನಲ್ಲಿ ವರದಿ ಹೊರಬಂದಾಗ ಮನೆಗಳು, ಅಂಗಡಿಗಳು, ಪ್ರಾರ್ಥನಾ ಮಂದಿರಗಳು ಬಿಟ್ಟುಹೋಗಿವೆಯೆಂದು ಬೆಟ್ಟಸೀಮೆಯ ಜನ ಬೀದಿಗಿಳಿದರು. ಕೊನೆಗೆ ನೆಲದ ಮೇಲೆ ನಡೆದು ಪರಿಶೀಲಿಸುವ ಏರ್ಪಾಡನ್ನು ಸರಕಾರವೇ ಮಾಡಬೇಕಾಯಿತು. ಅಲ್ಲಿ ನಕಾಶೆ ಮಾಡಿದ್ದು ಸರಕಾರಿ ಸಂಸ್ಥೆಯೇ. ಆದ್ದರಿಂದ ನನ್ನ ವಾದ ಖಾಸಗಿಯವರ ವಿರುದ್ಧವೆಂದು ಯಾರೂ ತಿಳಿಯಬಾರದು. ಸರಕಾರದ ನಕಾಶೆಗೂ ಹೊಣೆಗಾರನ ಸಹಿ ಬೇಕು.

ಮುಂಬಯಿ ಪುಣೆಗಳ ನಮ್ಮವರಿಗೆ ಇನ್ನೂ ಹತ್ತಿರದ ಪಾಠವೊಂದಿದೆ. 1820ರ ದಶಕದ ಕೊನೆಯಲ್ಲಿ ಪ್ರಿಂಗಲ್ ಎಂಬ ಅಧಿಕಾರಿ ಪುಣೆ ಸೀಮೆಯಲ್ಲಿ ಭೂಮಾಪನ ನಡೆಸಿದ. ಅಳತೆಯಲ್ಲಿ ದೋಷ, ಕೆಳಗಿನ ನೌಕರರ ಲಂಚಗುಳಿತನ, ಮೇಲೆ ತಾಳಲಾರದ ಕಂದಾಯ. ರೈತರು ಹೊಲ ಬಿಟ್ಟು ಹೋದರು, ಭೂಮಿ ಬೀಳು ಬಿತ್ತು. ಆಮೇಲೆ 1835-36ರಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಇಂದಾಪುರದಿಂದ ಹೊಸದಾಗಿ ಆರಂಭಿಸಬೇಕಾಯಿತು. ಅವರ ಪದ್ಧತಿಯೇ ಮುಂದೆ ಧಾರವಾಡ ಸೀಮೆಗೆ ಬಂತು, 1863ರಿಂದ ಮೈಸೂರು ಸಂಸ್ಥಾನಕ್ಕೂ ಬಂತು. ನಮ್ಮ ತಂದೆ ತಾತಂದಿರ ಸರ್ವೆ ನಂಬರು, ಬಾಂದುಕಲ್ಲು, ಆಕಾರಬಂದ್ ಎಲ್ಲವೂ ಅದರ ಸಂತಾನ. 33 ಅಡಿಯ, 16 ಆಣೆಯ ಆ ಸರಪಳಿ ಒರಟು ಸಾಧನವೇ ಹೌದು. ಆದರೆ ಅಳೆದ ಹೊಲಗಳಲ್ಲಿ ಒಂದು ಪಾಲನ್ನು ಮೇಲಿನವನು ತಾನೇ ಮತ್ತೆ ಅಳೆದು ನೋಡುತ್ತಿದ್ದ. ವಸಾಹತು ಸರಕಾರದ ಉದ್ದೇಶ ಕಂದಾಯವೇ ಆಗಿದ್ದರೂ ಈ ಮರು ಅಳತೆಯ ಭಯ ಆ ದಾಖಲೆಗಳನ್ನು ಒಂದೂವರೆ ಶತಮಾನ ಉಳಿಸಿತು.

ನನ್ನ ವಾದಕ್ಕೆ ಬರುವ ಆಕ್ಷೇಪಗಳನ್ನು ನಾನು ಬಲ್ಲೆ. ಮೊದಲನೆಯದು, ಇದು ಮತ್ತೆ ಲೈಸೆನ್ಸ್ ರಾಜ್ಯವನ್ನು ತರುತ್ತದೆ ಎಂಬುದು. ಇದನ್ನು ಹಗುರವಾಗಿ ಕಾಣಲಾಗದು. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ನಡೆದದ್ದನ್ನೇ ನೋಡಿ. ಡ್ರೋನಿನಿಂದ ಜಮೀನಿನ ಚಿತ್ರ ತೆಗೆದು ಹೊಲಿದು ಕೊಡುತ್ತಿದ್ದ ಒಬ್ಬ ಛಾಯಾಗ್ರಾಹಕನಿಗೆ, ಅವು ಕಾನೂನಿನ ಹದ್ದುಗಳನ್ನು ಹೇಳುವ ನಕಾಶೆಗಳಲ್ಲವಾದರೂ, ಪರವಾನಗಿಯಿಲ್ಲದೆ ಸರ್ವೆ ಮಾಡುತ್ತಿದ್ದೀಯೆ ಎಂದು ಅಲ್ಲಿನ ಮಂಡಳಿ 2019ರಲ್ಲಿ ಎಚ್ಚರಿಕೆ ಕೊಟ್ಟಿತು. ಅವನು ವಾಕ್ ಸ್ವಾತಂತ್ರ್ಯದ ಹೆಸರಿನಲ್ಲಿ 2021ರಲ್ಲಿ ದಾವೆ ಹೂಡಿದ. 2024ರ ಮೇ ತಿಂಗಳಲ್ಲಿ ಮೇಲ್ಮನವಿ ನ್ಯಾಯಾಲಯ ಮಂಡಳಿಯ ಪರವಾಗಿ ತೀರ್ಪಿತ್ತಿತು. ತೀರ್ಪು ಏನೇ ಇರಲಿ, ಮಂಡಳಿ ತನ್ನ ಬೇಲಿಯನ್ನು ಅಗತ್ಯಕ್ಕಿಂತ ದೂರ ಹಾಕಿಕೊಂಡಿತೆಂದೇ ನನ್ನ ಅಭಿಪ್ರಾಯ. ವೃತ್ತಿಯವರ ಸಂಘವೇ ನ್ಯಾಯಾಧೀಶನಾದರೆ ಹೊಸಬರನ್ನು ಹೊರಗಿಡುವುದು ಅದಕ್ಕೆ ಸುಲಭದ ಚಟವಾಗುತ್ತದೆ. ಅದು ನಮಗೆ ಬೇಡ. ಆದರೆ ಬೇಲಿ ದೂರ ಹೋದೀತೆಂದು ಬೇಲಿಯೇ ಇಲ್ಲದೆ ಬೆಳೆ ಕಾಯುವ ರೈತ ಎಲ್ಲಿದ್ದಾನೆ? ದಕ್ಷಿಣ ಆಫ್ರಿಕ 2013ರಲ್ಲಿ ಜಿಯೋಮ್ಯಾಟಿಕ್ಸ್ ವೃತ್ತಿಗೆಂದೇ ಕಾಯಿದೆ ಮಾಡಿ, ಭೂಮಾಪಕನನ್ನೂ ಭೂಮಾಹಿತಿಯ ತಜ್ಞನನ್ನೂ ಬೇರೆ ಬೇರೆ ವರ್ಗಗಳಲ್ಲಿ ನೋಂದಾಯಿಸುತ್ತದೆ. ಮಧ್ಯದ ದಾರಿ ಇದೆ.

ಎರಡನೆಯದು, ಕಂದಾಯ ಇಲಾಖೆ ಪರಿಶೀಲಿಸುತ್ತದಲ್ಲ ಎಂಬುದು. ಪರಿಶೀಲಿಸುವವನ ಕೈಯಲ್ಲಿರುವುದು ಅದೇ ನಕಾಶೆ. ಮೂಲದ ಅಳತೆ ಜಾರಿದ್ದರೆ ಅದರ ಮೇಲೆ ಹಾಕಿದ ಠಸ್ಸೆ ಅದನ್ನು ನೆಟ್ಟಗೆ ಮಾಡಲಾರದು. ಮೂರನೆಯದು, ಸಣ್ಣ ಊರುಗಳ ಡಿಪ್ಲೊಮಾ ಹುಡುಗರ ಅನ್ನಕ್ಕೆ ಕಲ್ಲು ಬಿದ್ದೀತು ಎಂಬುದು. ಇಂದಿನ ಸ್ಥಿತಿಯಲ್ಲೇ ಅವರ ಅನ್ನಕ್ಕೆ ಕಲ್ಲು ಬೀಳುತ್ತಿದೆ. ಯೋಗ್ಯತೆಗೆ ಗುರುತಿಲ್ಲದ ಕಡೆ ಟೆಂಡರು ಗೆಲ್ಲುವುದು ಕಡಿಮೆ ದರವೊಂದೇ. ನೆಲದ ಬಿಂದುಗಳನ್ನು ಇಟ್ಟು, ಮನೆಮನೆಗೆ ನಡೆದು ದುಡಿಯುವವನು ನಾಲ್ಕು ಚಿತ್ರ ತೆಗೆದು ಹೋಗುವವನ ಎದುರು ಸೋಲುತ್ತಾನೆ. ನೋಂದಣಿ ಅವನಿಗೆ ರಕ್ಷೆ.

ಹಾಗಾದರೆ ಏನು ಬೇಕು? ಮದುವೆಯ ಚಿತ್ರ, ಸಿನಿಮಾ, ಔಷಧಿ ಸಿಂಪಡಣೆ, ಬೆಳೆಯ ಬಣ್ಣ ನೋಡುವುದು, ವಿದ್ಯಾರ್ಥಿಯ ಅಧ್ಯಯನ ಇವು ಯಾವುದಕ್ಕೂ ಮಾಪಕನ ಪರವಾನಗಿ ಬೇಡ. ಒಬ್ಬನ ಹಕ್ಕು, ತೆರಿಗೆ, ಪರಿಹಾರ ಇಲ್ಲವೇ ಒಕ್ಕಲೆಬ್ಬಿಸುವಿಕೆ ಯಾವ ನಕಾಶೆಯಿಂದ ನಿರ್ಧಾರವಾಗುತ್ತದೆಯೋ ಅದಕ್ಕೆ ಮಾತ್ರ ನೋಂದಾಯಿತ ವ್ಯಕ್ತಿಯ ಸಹಿ ಇರಬೇಕು. ಹಾರಾಟದ ದಿನಾಂಕ, ನೆಲದ ಬಿಂದುಗಳ ಸಂಖ್ಯೆ, ಪರೀಕ್ಷಿಸಿ ಕಂಡ ದೋಷದ ಪ್ರಮಾಣ, ನೆಲದ ಮೇಲೆ ನಡೆದವರ ಹೆಸರು, ಇಷ್ಟನ್ನೂ ನಕಾಶೆಯ ಮೇಲೆಯೇ ಬರೆಯಬೇಕು. ಕರ್ನಾಟಕದಲ್ಲಿ ಪರವಾನಗಿ ಪಡೆದ ಭೂಮಾಪಕರು ಈಗಾಗಲೇ ಇದ್ದಾರೆ. ಪೋಡಿ, 11ಇ ನಕ್ಷೆಗಳಲ್ಲಿ ಕೈ ಪಳಗಿದ ಅವರ ಅನುಭವಕ್ಕೆ ಮನ್ನಣೆ ಕೊಟ್ಟು, ಆಕಾಶದ ವಿದ್ಯೆಯನ್ನು ಕಲಿಸಿ ಒಳಗೆ ತೆಗೆದುಕೊಳ್ಳಬೇಕು. ದೂರು ಕೇಳುವ ಮಂಡಳಿಯಲ್ಲಿ ಮಾಪಕರಲ್ಲದವರು, ಅಂದರೆ ರೈತರು, ವಕೀಲರು, ಪಂಚಾಯಿತಿಯವರು ಹೆಚ್ಚಿನ ಸಂಖ್ಯೆಯಲ್ಲಿರಬೇಕು.

ಇದಕ್ಕೆ ಸಂವಿಧಾನ ಅಡ್ಡಿಯಿಲ್ಲ. ಭೂದಾಖಲೆ ಮತ್ತು ಕಂದಾಯದ ಸರ್ವೆ ರಾಜ್ಯಪಟ್ಟಿಯ 45ನೆಯ ವಿಷಯ, ಭಾರತೀಯ ಸರ್ವೇಕ್ಷಣ ಇಲಾಖೆ ಕೇಂದ್ರಪಟ್ಟಿಯ 68ನೆಯದು, ವೃತ್ತಿಗಳು ಸಮವರ್ತಿ ಪಟ್ಟಿಯ 26ನೆಯದು. ಕೇಂದ್ರವು ವೃತ್ತಿಯ ಚೌಕಟ್ಟನ್ನು ಹಾಕಲಿ, ರಾಜ್ಯಗಳು ಪರೀಕ್ಷೆ ನಡೆಸಲಿ. ಆ ಪರೀಕ್ಷೆ ಕನ್ನಡದಲ್ಲಿಯೂ ಇರಬೇಕೆಂಬುದು ನನ್ನ ಹಟ. ಇದು ಬರಿಯ ಭಾಷಾಭಿಮಾನದ ಮಾತಲ್ಲ. ಹಿಸ್ಸಾ, ಖರಾಬು, ಚೆಕ್ಕುಬಂದಿ, ಹದ್ದುಬಸ್ತು ಎಂಬ ಮಾತುಗಳನ್ನು ಅರಿಯದವನಿಗೆ ಕರ್ನಾಟಕದ ನೆಲವನ್ನು ಓದಲು ಬಾರದು. ಅಂತೆಯೇ ಪುಣೆಯಲ್ಲಿ ಹುಟ್ಟಿ ಬೆಳೆದ ಕನ್ನಡಿಗ ಹುಡುಗ ಮರಾಠಿಯಲ್ಲಿ ಪರೀಕ್ಷೆ ಕೊಟ್ಟು ಅಲ್ಲಿ ಅಳೆಯಲಿ, ಕನ್ನಡದ ಪತ್ರಿಕೆಯೊಂದನ್ನು ಹೆಚ್ಚಾಗಿ ಬರೆದು ಇಲ್ಲಿಯೂ ಅಳೆಯುವಂತಾಗಲಿ. ಒಂದು ರಾಜ್ಯದ ನೋಂದಣಿಯನ್ನು ಇನ್ನೊಂದು ಮನ್ನಿಸದಿದ್ದರೆ ಹೊರನಾಡಿನವನು ಎರಡೂ ಕಡೆ ಪರಕೀಯನಾಗುತ್ತಾನೆ.

ಕೊನೆಯದಾಗಿ ನಮ್ಮ ಸಂಘಗಳಿಗೆ ಒಂದು ಮಾತು. 1956ರಲ್ಲಿ ನಕಾಶೆಯ ಮೇಲೆ ಎಳೆದ ಗೆರೆಗಳಿಗಾಗಿ ನಾವು ಎಷ್ಟು ಠರಾವು ಮಾಡಿದ್ದೇವೆ, ಎಷ್ಟು ಮನವಿ ಬರೆದಿದ್ದೇವೆ! ಈಗ ನಮ್ಮದೇ ಮನೆಗಳ ಸುತ್ತ ಎಳೆಯುತ್ತಿರುವ ಗೆರೆಗಳ ಬಗೆಗೆ ಒಂದು ಸಾಲಿನ ಠರಾವನ್ನೂ ನಾನು ಕಂಡಿಲ್ಲ. ರಾಜ್ಯೋತ್ಸವದ ವೇದಿಕೆಗೆ ಕರ್ನಾಟಕದಿಂದ ಮಂತ್ರಿಗಳನ್ನು ಕರೆಸಿ ಶಾಲು ಹೊದಿಸುವಾಗ ಕೈಯಲ್ಲಿ ಒಂದು ಮನವಿಯನ್ನೂ ಇಡೋಣ. ಅಳತೆಯ ಸೂಚನೆ ಊರಿನ ಗೋಡೆಗೆ ಮಾತ್ರ ಅಂಟದೆ ಹೊರಗಿರುವ ಖಾತೆದಾರನ ವಿಳಾಸಕ್ಕೂ ಬರಲಿ, ಆಕ್ಷೇಪಣೆಗೆ ಅವನಿಗೆ ಊರಿಗೆ ಹೋಗಿ ಬರುವಷ್ಟಾದರೂ ಕಾಲ ಸಿಗಲಿ, ನಕಾಶೆಯ ಕೆಳಗೆ ಹೊಣೆ ಹೊರುವ ಒಬ್ಬ ಮನುಷ್ಯನ ಹೆಸರಿರಲಿ. ನಾವು ಕೇಳುತ್ತಿರುವುದು ಇಷ್ಟೇ. ಇದನ್ನು ಕೇಳುವ ಹೊತ್ತು ಕಾರ್ಡುಗಳು ಪೂರ್ತಿ ಅಚ್ಚಾಗಿ ಮುಗಿಯುವುದಕ್ಕೆ ಮೊದಲು. ಆಮೇಲೆ ಉಳಿಯುವುದು ಕೋರ್ಟಿನ ಮೆಟ್ಟಿಲು ಮಾತ್ರ.